ಹುಲ್ಲಿನ ಬಂಡಿ: ಒಂದು ಚಿತ್ರದ ಒಳಗೂ ಹೊರಗೂ

(ಲೇಖಕರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ. ಪದವೀಧರರು, ಸಾಫ್ಟ್‌ವೇರ್ ಎಂಜಿನಿಯರ್)

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಒಂದು ಚಿತ್ರವಿದೆ. ಅಗಲ ಸುಮಾರು 6 ಅಡಿ, ಎತ್ತರ ನಾಲ್ಕೂಕಾಲು ಅಡಿ, ಕ್ಯಾನ್ವಾಸಿನ ಮೇಲೆ ತೈಲವರ್ಣ. ಬರೆದವನು ಜಾನ್ ಕಾನ್‌ಸ್ಟೇಬಲ್. ಇದು ಪೊಲೀಸರ ಹುದ್ದೆಯಲ್ಲ, ಮನೆತನದ ಹೆಸರು. ಮೊದಲು ಪ್ರದರ್ಶನಗೊಂಡ ವರ್ಷ 1821. ಚಿತ್ರದ ಹೆಸರು ‘ದ ಹೇ ವೇನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಹುಲ್ಲಿನ ಬಂಡಿ’.

ಇಂಗ್ಲೆಂಡಿನ ಜನರಿಗೆ ಈ ಚಿತ್ರದ ಪರಿಚಯ ಎಷ್ಟಿದೆಯೆಂದರೆ ಅದು ಕ್ಯಾಲೆಂಡರು, ಬಿಸ್ಕತ್ತಿನ ಡಬ್ಬಿ, ಚಹಾದ ಟ್ರೇಗಳ ಮೇಲೆಲ್ಲ ಅಚ್ಚಾಗಿದೆ. ಬ್ರಿಟನ್ನಿನಲ್ಲಿರುವ ಅತ್ಯುತ್ತಮ ಚಿತ್ರ ಯಾವುದೆಂದು 2005ರಲ್ಲಿ ಬಿಬಿಸಿ ರೇಡಿಯೊ ಕೇಳುಗರ ಮತ ಕೇಳಿದಾಗ ಇದು ಎರಡನೆಯ ಸ್ಥಾನ ಪಡೆಯಿತು. ಮೊದಲನೆಯದು ಕಾನ್‌ಸ್ಟೇಬಲನ ಸಮಕಾಲೀನನಾದ ಟರ್ನರನ ಹಡಗಿನ ಚಿತ್ರ. ಹಳ್ಳಿ ಎಂದರೆ ಹೀಗಿರಬೇಕು, ನೆಮ್ಮದಿ ಎಂದರೆ ಇದು ಎಂದು ಒಂದು ದೇಶದ ಜನ ಎರಡು ಶತಮಾನಗಳಿಂದ ನಂಬಿಕೊಂಡು ಬಂದ ಚಿತ್ರವಿದು.

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನನಗೆ ಈ ಚಿತ್ರವೇ ನೆನಪಾಯಿತು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಅನೇಕರಿದ್ದಾರೆ. ಆದರೆ ಊರನ್ನು ನೆನಪಿಸಿಕೊಳ್ಳುವುದು ಎಂದರೇನು, ನೆನಪಿನಲ್ಲಿ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬ ಪ್ರಶ್ನೆಗೆ ಈ ಚಿತ್ರದ ಇತಿಹಾಸದಲ್ಲಿ ಒಂದು ಉತ್ತರವಿದೆ. ಐವತ್ತು ವರ್ಷ ಹಿಂತಿರುಗಿ ನೋಡುವ ಹೊತ್ತಿನಲ್ಲಿ ಅದು ಉಪಯೋಗಕ್ಕೆ ಬಂದೀತು ಎಂಬ ಭಾವನೆಯಿಂದ ಬರೆಯುತ್ತಿದ್ದೇನೆ.

ಚಿತ್ರದಲ್ಲಿ ಏನಿದೆ

ಬೇಸಿಗೆಯ ಮಧ್ಯಾಹ್ನ. ಆಳವಿಲ್ಲದ ಹೊಳೆಯ ನೀರಿನ ನಡುವೆ ಒಂದು ದೊಡ್ಡ ಮರದ ಬಂಡಿ ನಿಂತಿದೆ. ಎಳೆಯಲು ಕುದುರೆಗಳು, ಅವುಗಳ ಕೊರಳಪಟ್ಟಿಯಲ್ಲಿ ಕೆಂಪು ಬಣ್ಣದ ಅಲಂಕಾರ. ಇಡೀ ಹಸಿರು ಚಿತ್ರದಲ್ಲಿ ಆ ಕೆಂಪು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಬಂಡಿಯಲ್ಲಿ ಇಬ್ಬರಿದ್ದಾರೆ. ಬಂಡಿ ಖಾಲಿಯಾಗಿದೆ. ಅಂದರೆ ಅದು ಹುಲ್ಲು ತುಂಬಿಕೊಂಡು ಮನೆಗೆ ಬರುತ್ತಿಲ್ಲ, ತುಂಬಿಸಿಕೊಳ್ಳಲು ಹುಲ್ಲುಗಾವಲಿನ ಕಡೆಗೆ ಹೊರಟಿದೆ.

ನೀರಿನಲ್ಲಿ ಬಂಡಿ ಏಕೆ ನಿಂತಿದೆ? ದಾಟುವ ದಾರಿ ಅದೇ ಎಂಬುದು ಒಂದು ಕಾರಣ. ಇನ್ನೊಂದು ವಿವರಣೆಯೂ ಇದೆ. ಬಿಸಿಲಿನಲ್ಲಿ ಚಕ್ರದ ಮರ ಒಣಗಿ ಕುಗ್ಗುತ್ತದೆ, ಸುತ್ತ ಹಾಕಿದ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ಸ್ವಲ್ಪ ಹೊತ್ತು ನೀರಿನಲ್ಲಿ ನಿಲ್ಲಿಸಿದರೆ ಮರ ಉಬ್ಬಿ ಪಟ್ಟಿ ಬಿಗಿಯಾಗುತ್ತದೆ, ಕುದುರೆಗಳ ಕಾಲೂ ತಂಪಾಗುತ್ತದೆ. ಎತ್ತಿನ ಗಾಡಿ ಇಟ್ಟುಕೊಂಡಿದ್ದ ನಮ್ಮೂರ ಹಿರಿಯರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಡಗಡೆ ಒಂದು ಹಳೆಯ ಮನೆ, ಕೆಂಪು ಹಂಚಿನ ಮಾಡು, ಹೊಗೆಗೂಡಿನಿಂದ ಏಳುವ ತೆಳುಹೊಗೆ. ನೀರಿನ ಅಂಚಿನಲ್ಲಿ ಒಬ್ಬ ಹೆಂಗಸು ಬಾಗಿ ಏನೋ ಕೆಲಸ ಮಾಡುತ್ತಿದ್ದಾಳೆ. ದಡದಲ್ಲಿ ಒಂದು ನಾಯಿ ಬಂಡಿಯನ್ನೇ ನೋಡುತ್ತಿದೆ. ಬಲಗಡೆ ಪೊದೆಗಳ ಮರೆಯಲ್ಲಿ ಒಂದು ದೋಣಿ, ಒಬ್ಬ ಮೀನು ಹಿಡಿಯುವವನು. ಅದರಾಚೆ ಬಿಸಿಲು ಬಿದ್ದ ವಿಶಾಲವಾದ ಹುಲ್ಲುಗಾವಲು. ಅಲ್ಲಿ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವ ಕೆಲವು ಬಿಳಿಯ ಚುಕ್ಕೆಗಳಿವೆ. ಅವು ಹುಲ್ಲು ಕೊಯ್ಯುವವರು, ಇನ್ನೊಂದು ಬಂಡಿಗೆ ಹುಲ್ಲು ಒಟ್ಟುವವರು. ಈ ಚುಕ್ಕೆಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವರ ಮಾತು ಬರುತ್ತದೆ.

ಇಷ್ಟಕ್ಕೂ ಮೇಲೆ ಆಕಾಶ. ಚಿತ್ರದ ಅರ್ಧದಷ್ಟು ಜಾಗ ಮೋಡಗಳದ್ದೇ. ಮಳೆ ಬಂದೀತೇ ಬಾರದೇ ಎಂದು ಹೇಳಲಾಗದ ಮೋಡಗಳು.

ಇದು ಕಲ್ಪನೆಯ ಜಾಗವಲ್ಲ. ಇಂಗ್ಲೆಂಡಿನ ಪೂರ್ವಭಾಗದಲ್ಲಿ ಸಫಕ್ ಮತ್ತು ಎಸೆಕ್ಸ್ ಎಂಬ ಎರಡು ಜಿಲ್ಲೆಗಳ ಗಡಿಯಾಗಿ ಹರಿಯುವ ಸ್ಟೋರ್ ನದಿಯ ಮೇಲಿನ ಫ್ಲ್ಯಾಟ್‌ಫರ್ಡ್ ಎಂಬ ಊರು. ಎಡದ ಮನೆ ಸಫಕ್‌ನಲ್ಲಿದೆ, ಬಲದ ಹುಲ್ಲುಗಾವಲು ಎಸೆಕ್ಸ್‌ನಲ್ಲಿದೆ. ಆ ಮನೆಯಲ್ಲಿದ್ದವನು ವಿಲ್ಲಿ ಲಾಟ್ ಎಂಬ ರೈತ. ಎಂಬತ್ತು ದಾಟಿ ಬದುಕಿದ ಆತ ತನ್ನ ಜೀವಮಾನದಲ್ಲಿ ಆ ಮನೆ ಬಿಟ್ಟು ಹೊರಗೆ ಕಳೆದದ್ದು ನಾಲ್ಕೇ ದಿನ ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಮನೆ ಈಗಲೂ ಇದೆ.

ಗಿರಣಿಯವರ ಮಗ

ಕಾನ್‌ಸ್ಟೇಬಲ್ ಹುಟ್ಟಿದ್ದು 1776ರ ಜೂನ್ 11ರಂದು, ಫ್ಲ್ಯಾಟ್‌ಫರ್ಡ್‌ಗೆ ನಡೆದು ಹೋಗುವಷ್ಟು ಹತ್ತಿರದ ಈಸ್ಟ್ ಬರ್ಗೋಲ್ಟ್ ಎಂಬ ಹಳ್ಳಿಯಲ್ಲಿ. ತಂದೆ ಗೋಲ್ಡಿಂಗ್ ಕಾನ್‌ಸ್ಟೇಬಲ್ ಧಾನ್ಯದ ವ್ಯಾಪಾರಿ, ಅನುಕೂಲಸ್ಥ. ಫ್ಲ್ಯಾಟ್‌ಫರ್ಡಿನ ನೀರಿನ ಗಿರಣಿ ಅವರದೇ. ಗಾಳಿಯಿಂದ ತಿರುಗುವ ಗಿರಣಿಯೂ ಇತ್ತು. ಗೋಧಿ ಬೀಸಿ, ಹಿಟ್ಟನ್ನು ಕುದುರೆ ಎಳೆಯುವ ದೋಣಿಗಳಲ್ಲಿ ನದಿಯ ಬಾಯಿಯವರೆಗೆ ಸಾಗಿಸಿ, ಅಲ್ಲಿಂದ ಹಡಗಿನಲ್ಲಿ ಲಂಡನ್ನಿಗೆ ಕಳಿಸುವುದು ಅವರ ವ್ಯವಹಾರ. ಬರುವಾಗ ದೋಣಿಗಳು ಕಲ್ಲಿದ್ದಲು ತರುತ್ತಿದ್ದವು. ಆದ್ದರಿಂದ ಚಿತ್ರದಲ್ಲಿ ನಿದ್ದೆ ಮಾಡುವಂತೆ ಕಾಣುವ ಈ ನದಿ ಆ ಕಾಲದಲ್ಲಿ ಬಿಡುವಿಲ್ಲದ ಒಂದು ಸರಕಿನ ರಸ್ತೆ. ಚಿತ್ರದ ನೋಟ ಗಿರಣಿಯ ಅಂಗಳದ ಕಡೆಯಿಂದ ಕಾಣುವಂಥದ್ದು. ಆದರೆ ಗಿರಣಿ ಚಿತ್ರದೊಳಗಿಲ್ಲ. ಅದು ನೋಡುವವರ ಬೆನ್ನ ಹಿಂದೆ ಉಳಿದಿದೆ.

ಹುಡುಗ ಶಾಲೆ ಮುಗಿಸಿ ಮನೆಯ ಕೆಲಸಕ್ಕೆ ಸೇರಿದ. ಸುಮಾರು ಒಂದು ವರ್ಷ ಗಾಳಿಗಿರಣಿಯಲ್ಲಿ ದುಡಿದ. ಗಾಳಿಗಿರಣಿ ನಡೆಸುವವನಿಗೆ ಆಕಾಶ ನೋಡುವುದು ಹವ್ಯಾಸವಲ್ಲ, ಹೊಟ್ಟೆಪಾಡು. ಯಾವ ಮೋಡ ಯಾವ ಗಾಳಿ ತರುತ್ತದೆ ಎಂದು ತಿಳಿಯದಿದ್ದರೆ ಗಿರಣಿಯ ರೆಕ್ಕೆಗಳೇ ಮುರಿದುಹೋಗುತ್ತವೆ. ಮುಂದೆ 1821 ಮತ್ತು 1822ರಲ್ಲಿ ಆತ ಲಂಡನ್ನಿನ ಹೊರಗಿನ ಹ್ಯಾಂಪ್‌ಸ್ಟೆಡ್ ಗುಡ್ಡದ ಮೇಲೆ ಕುಳಿತು ಬರೀ ಮೋಡಗಳನ್ನೇ ಚಿತ್ರಿಸಿದ. ಅನೇಕ ಚಿತ್ರಗಳ ಹಿಂಬದಿಯಲ್ಲಿ ತಾರೀಖು, ಗಂಟೆ, ಗಾಳಿಯ ದಿಕ್ಕು ಎಲ್ಲವನ್ನೂ ಗುರುತು ಹಾಕಿದ್ದಾನೆ. ವಿಜ್ಞಾನದ ಪ್ರಯೋಗದ ಪುಸ್ತಕ ಬರೆದಂತೆ.

ತಂದೆಯ ಒಪ್ಪಿಗೆ ಪಡೆದು ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗೆ ಆತ ಸೇರಿದ್ದು 1799ರಲ್ಲಿ. ಆ ಇಸವಿ ನಮಗೆ ಬೇರೊಂದು ಕಾರಣಕ್ಕೆ ಗೊತ್ತು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಮಡಿದ. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವ ಚಿತ್ರಗಾರ ಶ್ರೀರಂಗಪಟ್ಟಣದ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಅದನ್ನು ನೋಡಲು ಜನ ದುಡ್ಡು ಕೊಟ್ಟು ಮುಗಿಬಿದ್ದರು. ಆ ಕಾಲದ ಅಭಿರುಚಿ ಎಂಥದ್ದೆಂದು ಇದರಿಂದ ತಿಳಿಯುತ್ತದೆ. ಯುದ್ಧ, ಪುರಾಣ, ರಾಜರು, ಬೈಬಲ್ಲಿನ ಕಥೆ ಇವು ದೊಡ್ಡ ಚಿತ್ರಕ್ಕೆ ತಕ್ಕ ವಸ್ತುಗಳು. ನಿಸರ್ಗಚಿತ್ರಕ್ಕೆ ಕೆಳಗಿನ ಪಂಕ್ತಿ. ಅದರಲ್ಲೂ ಹಳೆಯ ಇಟಲಿಯ ದೃಶ್ಯಗಳ ಹಾಗೆ ಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಬೆಲೆ.

ಈ ಬಗ್ಗೆ ಒಂದು ಪ್ರಸಂಗವನ್ನು ಕಾನ್‌ಸ್ಟೇಬಲನ ಗೆಳೆಯನೂ ಜೀವನಚರಿತ್ರೆ ಬರೆದವನೂ ಆದ ಲೆಸ್ಲಿ ದಾಖಲಿಸಿದ್ದಾನೆ. ಸರ್ ಜಾರ್ಜ್ ಬ್ಯೂಮಾಂಟ್ ಎಂಬ ಹಿರಿಯ ಕಲಾಪ್ರೇಮಿ, ಚಿತ್ರದ ಒಟ್ಟು ಬಣ್ಣ ಹಳೆಯ ಪಿಟೀಲಿನಂತಿರಬೇಕು ಎಂದು ಬುದ್ಧಿ ಹೇಳಿದರಂತೆ. ಕಾನ್‌ಸ್ಟೇಬಲ್ ವಾದ ಮಾಡಲಿಲ್ಲ. ಒಂದು ಹಳೆಯ ಪಿಟೀಲನ್ನು ತಂದು ಮನೆಯ ಮುಂದಿನ ಹಸಿರು ಹುಲ್ಲಿನ ಮೇಲೆ ಇಟ್ಟ. ಹುಲ್ಲು ಪಿಟೀಲಿನ ಬಣ್ಣದ್ದಲ್ಲ ಎಂಬುದು ಯಾರಿಗೂ ಕಾಣುವಂತಿತ್ತು.

ಹೀಗೆ ಹಸಿರನ್ನು ಹಸಿರಾಗಿಯೇ ಬರೆದದ್ದು ಆತನ ಮೊದಲ ಸಾಹಸ. ಯುದ್ಧಕ್ಕೆ, ದೇವರಿಗೆ ಮೀಸಲಾದ ದೊಡ್ಡ ಅಳತೆಯ ಕ್ಯಾನ್ವಾಸನ್ನು ಒಂದು ಬಂಡಿಗೆ, ಒಂದು ದೋಣಿಗೆ ಕೊಟ್ಟದ್ದು ಎರಡನೆಯದು. 1819ರಿಂದ 1825ರವರೆಗೆ ಸ್ಟೋರ್ ನದಿಯ ದೃಶ್ಯಗಳನ್ನೇ ಇಟ್ಟುಕೊಂಡು ಆರು ದೊಡ್ಡ ಚಿತ್ರಗಳನ್ನು ಆತ ಪ್ರದರ್ಶಿಸಿದ. ‘ಹುಲ್ಲಿನ ಬಂಡಿ’ ಅವುಗಳಲ್ಲಿ ಮೂರನೆಯದು.

ಲಂಡನ್ನಿನಲ್ಲಿ ಕುಳಿತು ಬರೆದ ಊರು

ಈ ಬೇಸಿಗೆಯ ಮಧ್ಯಾಹ್ನವನ್ನು ಕಾನ್‌ಸ್ಟೇಬಲ್ ಬರೆದದ್ದು 1820–21ರ ಚಳಿಗಾಲದಲ್ಲಿ, ಫ್ಲ್ಯಾಟ್‌ಫರ್ಡಿನಲ್ಲಲ್ಲ, ಲಂಡನ್ನಿನ ತನ್ನ ಮನೆಯಲ್ಲಿ. ಹೊರಗೆ ಮಂಜು, ಹೊಗೆ. ಒಳಗೆ ಜೂನ್ ತಿಂಗಳ ಬಿಸಿಲು.

ಮೊದಲಿನ ವರ್ಷಗಳಲ್ಲಿ ಊರಿನಲ್ಲಿ ಮಾಡಿಟ್ಟುಕೊಂಡಿದ್ದ ಸಣ್ಣ ಸಣ್ಣ ರೇಖಾಚಿತ್ರಗಳನ್ನು, ಬಣ್ಣದ ಅಭ್ಯಾಸಗಳನ್ನು ಮುಂದಿಟ್ಟುಕೊಂಡು ಬರೆದ. ಅಂತಿಮ ಚಿತ್ರಕ್ಕೆ ಮೊದಲು ಅದೇ ಅಳತೆಯ ಒಂದು ಕರಡು ಚಿತ್ರವನ್ನೂ ಮಾಡಿಕೊಂಡ. ಅದು ಈಗ ಲಂಡನ್ನಿನದೇ ಆದ ವಿಕ್ಟೋರಿಯ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಆದರೂ ಬಂಡಿಯ ವಿವರಗಳು ಸಾಲಲಿಲ್ಲ. ಊರಿನಲ್ಲಿ ಗಿರಣಿ ನೋಡಿಕೊಳ್ಳುತ್ತಿದ್ದ ತಮ್ಮ ಏಬ್ರಮ್‌ನ ಮೂಲಕ ಹೇಳಿಕಳಿಸಿ, ಜಾನ್ ಡನ್‌ಥಾರ್ನ್ ಎಂಬ ಊರ ಹುಡುಗನಿಂದ ಬಂಡಿಯ ರೇಖಾಚಿತ್ರ ಮಾಡಿಸಿ ತರಿಸಿಕೊಂಡ. ಆ ಹುಡುಗ ಚಳಿಯಲ್ಲಿ ನಡುಗುತ್ತ ಬಯಲಲ್ಲಿ ಕುಳಿತು ಅದನ್ನು ಬರೆದುಕೊಟ್ಟ. ಊರು ಬಿಟ್ಟು ಬಂದವನು ಊರಿನ ಒಂದು ವಿವರ ಮರೆತುಹೋದಾಗ ತಮ್ಮನಿಗೆ ಕೇಳಿ ತಿಳಿದುಕೊಳ್ಳುವುದು ಇಂದಿಗೂ ನಡೆಯುವುದೇ. ನಾವು ಫೋನ್ ಮಾಡಿ ಫೋಟೊ ಕಳಿಸು ಎನ್ನುತ್ತೇವೆ, ಅಷ್ಟೇ.

ಆ ಹೊತ್ತಿಗೆ ಆತನಿಗೆ 44 ವರ್ಷ. ತಾಯಿ 1815ರಲ್ಲಿ, ತಂದೆ 1816ರಲ್ಲಿ ತೀರಿಹೋಗಿದ್ದರು. ಮರಿಯ ಬಿಕ್ನೆಲ್ ಎಂಬಾಕೆಯನ್ನು ಮದುವೆಯಾಗಲು ಏಳು ವರ್ಷ ಕಾದಿದ್ದ. ಚಿತ್ರ ಬರೆದು ಹೊಟ್ಟೆ ಹೊರೆಯುವವನಿಗೆ ಮೊಮ್ಮಗಳನ್ನು ಕೊಡಲು ಈಸ್ಟ್ ಬರ್ಗೋಲ್ಟಿನ ಪಾದ್ರಿಯಾಗಿದ್ದ ಆಕೆಯ ತಾತನಿಗೆ ಇಷ್ಟವಿರಲಿಲ್ಲ. ಕೊನೆಗೆ 1816ರ ಅಕ್ಟೋಬರಿನಲ್ಲಿ ಮದುವೆಯಾಯಿತು. ಮಕ್ಕಳಾದವು, ಖರ್ಚು ಬೆಳೆಯಿತು, ಚಿತ್ರಗಳು ಮಾತ್ರ ಮಾರಾಟವಾಗುತ್ತಿರಲಿಲ್ಲ. ಆತ ಊರಿಗೆ ಹೋಗುವುದು ಕಡಿಮೆಯಾಗುತ್ತ ಬಂದಂತೆ ಚಿತ್ರಗಳಲ್ಲಿ ಊರು ದೊಡ್ಡದಾಗುತ್ತ ಹೋಯಿತು.

1821ರಲ್ಲಿ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಇಟ್ಟಾಗ ಚಿತ್ರಕ್ಕೆ ಆತ ಕೊಟ್ಟ ಹೆಸರು ‘ನಿಸರ್ಗದೃಶ್ಯ: ಮಧ್ಯಾಹ್ನ’ ಎಂದಷ್ಟೇ. ‘ಹೇ ವೇನ್’ ಎಂಬುದು ಗೆಳೆಯನಾದ ಪಾದ್ರಿ ಜಾನ್ ಫಿಶರ್ ಬಾಯಲ್ಲಿ ಬಂದ ಅಡ್ಡಹೆಸರು. ಅದೇ ನಿಂತಿತು. ಚಿತ್ರವನ್ನು ಯಾರೂ ಕೊಳ್ಳಲಿಲ್ಲ. ಎಲೆ, ನೀರುಗಳ ಮೇಲೆ ಬೆಳಕು ಮಿನುಗಲೆಂದು ಆತ ಅಲ್ಲಲ್ಲಿ ಇಡುತ್ತಿದ್ದ ಬಿಳಿಯ ಚುಕ್ಕೆಗಳನ್ನು ಜನ ‘ಕಾನ್‌ಸ್ಟೇಬಲನ ಹಿಮ’ ಎಂದು ಹಾಸ್ಯ ಮಾಡುತ್ತಿದ್ದರು.

ಮನ್ನಣೆ ಬಂದದ್ದು ಹೊರದೇಶದಿಂದ. ಜಾನ್ ಆರೋಸ್ಮಿತ್ ಎಂಬ ಪ್ಯಾರಿಸ್ಸಿನ ವ್ಯಾಪಾರಿ 1824ರಲ್ಲಿ ಇದನ್ನೂ ಇನ್ನೊಂದು ದೊಡ್ಡ ಚಿತ್ರವನ್ನೂ ಸೇರಿಸಿ 250 ಪೌಂಡಿಗೆ ಕೊಂಡ. ಆ ವರ್ಷದ ಪ್ಯಾರಿಸ್ ಸಲೋನ್ ಪ್ರದರ್ಶನದಲ್ಲಿ ಚಿತ್ರ ದೊಡ್ಡ ಸುದ್ದಿಯಾಯಿತು. ಫ್ರಾನ್ಸಿನ ದೊರೆ ಹತ್ತನೆಯ ಚಾರ್ಲ್ಸ್‌ನ ಚಿನ್ನದ ಪದಕ ಅದಕ್ಕೆ ಸಿಕ್ಕಿತು. ದೆಲಕ್ರ್ವಾ ಎಂಬ ಹೆಸರಾಂತ ಚಿತ್ರಗಾರ ಕಾನ್‌ಸ್ಟೇಬಲನ ಕೆಲಸ ನೋಡಿದ ಮೇಲೆ ತನ್ನದೇ ದೊಡ್ಡ ಚಿತ್ರವೊಂದರ ಭಾಗಗಳನ್ನು ಮತ್ತೆ ತಿದ್ದಿದ ಎಂದು ಕಲಾ ಇತಿಹಾಸದಲ್ಲಿ ಹೇಳಲಾಗುತ್ತದೆ. ಇಷ್ಟಾದರೂ ಕಾನ್‌ಸ್ಟೇಬಲ್ ಪ್ಯಾರಿಸ್ಸಿಗೆ ಹೋಗಲಿಲ್ಲ. ಜೀವಮಾನದಲ್ಲಿ ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಡಲಿಲ್ಲ. ಸ್ವದೇಶದಲ್ಲಿ ರಾಯಲ್ ಅಕಾಡೆಮಿಯ ಪೂರ್ಣ ಸದಸ್ಯತ್ವ ಸಿಕ್ಕಿದ್ದು 1829ರಲ್ಲಿ, ಒಂದೇ ಮತದ ಅಂತರದಿಂದ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1828ರ ಕೊನೆಯಲ್ಲಿ, ಮರಿಯ ಕ್ಷಯರೋಗದಿಂದ ತೀರಿಕೊಂಡಿದ್ದಳು. 1837ರಲ್ಲಿ ಆತನೂ ತೀರಿಕೊಂಡ. ಚಿತ್ರ ಇಂಗ್ಲೆಂಡಿಗೆ ಮರಳಿ, ಕೈಯಿಂದ ಕೈಗೆ ಹೋಗಿ, ಹೆನ್ರಿ ವಾನ್ ಎಂಬ ಸಂಗ್ರಾಹಕ 1886ರಲ್ಲಿ ನ್ಯಾಷನಲ್ ಗ್ಯಾಲರಿಗೆ ದಾನ ಕೊಟ್ಟ.

ಚಿತ್ರದ ಹೊರಗಿನ ಊರು

ಇನ್ನು ಆ ಬಿಳಿಯ ಚುಕ್ಕೆಗಳ ವಿಷಯಕ್ಕೆ ಬರೋಣ. ಹುಲ್ಲುಗಾವಲಿನಲ್ಲಿ ದುಡಿಯುತ್ತಿದ್ದ ಆ ಕೂಲಿಯವರ ಬದುಕು 1821ರಲ್ಲಿ ಹೇಗಿತ್ತು?

1815ರಲ್ಲಿ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ಯುದ್ಧ ನಿಂತಿತು. ಸೈನಿಕರು ಸಾವಿರ ಸಾವಿರ ಸಂಖ್ಯೆಯಲ್ಲಿ ಹಳ್ಳಿಗೆ ಮರಳಿದರು, ಕೆಲಸ ಇರಲಿಲ್ಲ. ಅದೇ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಧಾನ್ಯದ ಕಾನೂನು ತಂದಿತು. ದೇಶದೊಳಗಿನ ಗೋಧಿಯ ಬೆಲೆ ಒಂದು ಕ್ವಾರ್ಟರಿಗೆ 80 ಶಿಲಿಂಗ್ ಮುಟ್ಟುವ ತನಕ ಹೊರಗಿನ ಗೋಧಿಯನ್ನು ಮಾರಾಟಕ್ಕೆ ಬಿಡುವಂತಿಲ್ಲ ಎಂಬುದು ಅದರ ಸಾರ. ಜಮೀನ್ದಾರರಿಗೆ ಲಾಭ, ರೊಟ್ಟಿ ಕೊಂಡು ತಿನ್ನುವವರಿಗೆ ಹೊಡೆತ. ಮೇಲೆ ಇಂಡೊನೇಷ್ಯದ ತಂಬೋರ ಜ್ವಾಲಾಮುಖಿ ಆ ವರ್ಷವೇ ಸ್ಫೋಟಿಸಿ ಅದರ ಬೂದಿ ಮತ್ತು ಅನಿಲಗಳು ಆಕಾಶಕ್ಕೆ ಹರಡಿದ್ದರಿಂದ 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹೋಯಿತು.

ಇದರ ಜೊತೆಗೆ ಹಳ್ಳಿಗಳ ಸಾರ್ವಜನಿಕ ಬಯಲುಗಳು ಹೋದವು. ನಮ್ಮ ಗೋಮಾಳ ಇದ್ದ ಹಾಗೆ ಅಲ್ಲಿಯೂ ಊರವರೆಲ್ಲ ದನ ಮೇಯಿಸಿ, ಸೌದೆ ಆಯ್ದುಕೊಳ್ಳುವ ಬಯಲುಗಳಿದ್ದವು. ಅವನ್ನು ಅಳೆದು, ಬೇಲಿ ಹಾಕಿ, ಭೂಮಿಯಿದ್ದವರಿಗೆ ಹಂಚುವ ಕೆಲಸ ದೇಶದಾದ್ಯಂತ ನಡೆದಿತ್ತು. ಈಸ್ಟ್ ಬರ್ಗೋಲ್ಟಿನ ಬಯಲಿಗೂ 1810ರ ದಶಕದಲ್ಲಿ ಅದೇ ಗತಿಯಾಯಿತು. ಒಂದು ಹಸು ಸಾಕಿಕೊಂಡು ಬದುಕುತ್ತಿದ್ದವನು ಬರೀ ಕೂಲಿಯಾದ.

ಮೂರನೆಯದು ಯಂತ್ರ. ಸುಗ್ಗಿ ಮುಗಿದ ಮೇಲೆ ಚಳಿಗಾಲದುದ್ದಕ್ಕೂ ಕಣದ ಕೊಟ್ಟಿಗೆಯಲ್ಲಿ ಕೋಲಿನಿಂದ ಬಡಿದು ತೆನೆ ಒಕ್ಕುವುದು ಕೂಲಿಯವರಿಗೆ ಉಳಿದಿದ್ದ ಒಂದೇ ದುಡಿಮೆ. ಕುದುರೆ ತಿರುಗಿಸುವ ಒಕ್ಕಣೆ ಯಂತ್ರ ಬಂದು ಆ ಕೆಲಸವನ್ನು ಕೆಲವೇ ದಿನಗಳಲ್ಲಿ ಮುಗಿಸತೊಡಗಿತು. ಯಂತ್ರದಿಂದ ಯಾರಿಗೆ ಸಮಯ ಉಳಿಯಿತು, ಯಾರ ಊಟ ಹೋಯಿತು ಎಂಬುದು ನನ್ನ ವೃತ್ತಿಯವರು ಇಂದು ಕೇಳಿಕೊಳ್ಳುತ್ತಿರುವ ಪ್ರಶ್ನೆಯೇ. ಅದರ ವಯಸ್ಸು ಇನ್ನೂರು ವರ್ಷ ದಾಟಿದೆ.

ಜನ ಸುಮ್ಮನಿರಲಿಲ್ಲ. 1816ರಲ್ಲಿ ಸಫಕ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಕೂಲಿಯವರು ದಂಗೆ ಎದ್ದರು. ‘ರೊಟ್ಟಿ ಇಲ್ಲವೇ ರಕ್ತ’ ಎಂಬುದು ಅವರ ಬಾವುಟದ ಮೇಲಿದ್ದ ಘೋಷಣೆ. ಸರ್ಕಾರ ಸೈನ್ಯ ಕಳಿಸಿತು. ಪಕ್ಕದ ಈಲಿ ಪಟ್ಟಣದಲ್ಲಿ ಜೂನ್ 28ರಂದು ಐವರನ್ನು ಗಲ್ಲಿಗೇರಿಸಲಾಯಿತು. ‘ಹುಲ್ಲಿನ ಬಂಡಿ’ ಪ್ರದರ್ಶನವಾದ ಮರುವರ್ಷ, 1822ರಲ್ಲಿ, ಸಫಕ್ ಮತ್ತು ನಾರ್ಫಕ್‌ಗಳಲ್ಲಿ ಮತ್ತೆ ಒಕ್ಕಣೆ ಯಂತ್ರಗಳನ್ನು ಒಡೆದರು, ಬಣವೆಗಳಿಗೆ ಬೆಂಕಿ ಹಚ್ಚಿದರು. 1830ರಲ್ಲಿ ಈ ಬೆಂಕಿ ದಕ್ಷಿಣ ಇಂಗ್ಲೆಂಡಿಗೆಲ್ಲ ಹಬ್ಬಿತು. ಆಗ 19 ಮಂದಿಯನ್ನು ಗಲ್ಲಿಗೇರಿಸಿದರು, 450ಕ್ಕೂ ಹೆಚ್ಚು ಜನರನ್ನು ಹಡಗಿನಲ್ಲಿ ತುಂಬಿ ಆಸ್ಟ್ರೇಲಿಯಾಕ್ಕೆ ಸಾಗಿಸಿದರು.

ಕಾನ್‌ಸ್ಟೇಬಲನಿಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಊರಿನ ಸ್ಥಿತಿಯ ಬಗ್ಗೆ ತಮ್ಮ ಆತಂಕಗೊಂಡಿದ್ದಾನೆ, ಹತ್ತಿರವೋ ದೂರವೋ ಬೆಂಕಿ ಕಾಣದ ರಾತ್ರಿಯಿಲ್ಲ ಎಂದು 1822ರ ಏಪ್ರಿಲ್‌ನಲ್ಲಿ ಗೆಳೆಯ ಫಿಶರ್‌ಗೆ ಬರೆದ ಪತ್ರದಲ್ಲಿ ಆತನೇ ತಿಳಿಸಿದ್ದಾನೆ. ಅದೇ ವರ್ಷ ಆತ ಪ್ರದರ್ಶಿಸಿದ ದೊಡ್ಡ ಚಿತ್ರದಲ್ಲಿಯೂ ಸ್ಟೋರ್ ನದಿ ಶಾಂತವಾಗಿಯೇ ಹರಿಯುತ್ತದೆ. ಬೆಂಕಿಯ ಒಂದು ಕಿಡಿಯೂ ಇಲ್ಲ.

ಹಾಗಾದರೆ ಚಿತ್ರ ಸುಳ್ಳೇ?

1980ರಲ್ಲಿ ಜಾನ್ ಬ್ಯಾರೆಲ್ ಎಂಬ ಇಂಗ್ಲಿಷ್ ವಿದ್ವಾಂಸರು ತಮ್ಮ ಪುಸ್ತಕವೊಂದರಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎತ್ತಿದರು. ಕಾನ್‌ಸ್ಟೇಬಲ್ ದುಡಿಯುವವರನ್ನು ದೂರಕ್ಕೆ ತಳ್ಳಿ ಚಿಕ್ಕವರನ್ನಾಗಿ ಮಾಡುತ್ತಾನೆ, ಹತ್ತಿರ ಬಂದರೆ ಅವರ ಮುಖ ಕಾಣಬೇಕಾಗುತ್ತದೆ, ಮುಖ ಕಂಡರೆ ಶಾಂತಿ ಕೆಡುತ್ತದೆ ಎಂಬುದು ಅವರ ವಾದದ ತಿರುಳು. ಈ ವಾದದಲ್ಲಿ ಬಲವಿದೆ. ಗಿರಣಿಯವರ ಮನೆಯ ಮಗ ಆ ಹುಲ್ಲುಗಾವಲನ್ನು ನೋಡಿದ್ದು ಗಿರಣಿಯ ಅಂಗಳದಿಂದ. ಆ ಚುಕ್ಕೆಗಳಲ್ಲಿ ಒಬ್ಬನಿಗೆ ಕುಂಚ ಕೊಟ್ಟಿದ್ದರೆ ಆತ ಬೇರೆ ಚಿತ್ರ ಬರೆಯುತ್ತಿದ್ದ. ರಾಜಕೀಯದಲ್ಲೂ ಕಾನ್‌ಸ್ಟೇಬಲ್ ಹಳೆಯ ವ್ಯವಸ್ಥೆಯ ಪರವಾಗಿದ್ದವನು. ಮತದಾನದ ಹಕ್ಕನ್ನು ವಿಸ್ತರಿಸುವ ಸುಧಾರಣೆಯ ಮಸೂದೆಯನ್ನು 1831–32ರಲ್ಲಿ ಆತ ವಿರೋಧಿಸಿದ.

ಆದರೆ ಚಿತ್ರವನ್ನು ಸುಳ್ಳು ಎಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಕಚೇರಿಯ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ಒಂದು ಭಾನುವಾರ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ಹತ್ತಿರದಿಂದ ನೋಡಿದರೆ ನೀರಿನಲ್ಲಿ ಬಿದ್ದ ಬೆಳಕು, ಒದ್ದೆಯಾದ ಮರದ ಕಪ್ಪು, ಕೊಳೆತ ಹಲಗೆಯ ಹಸಿರು ಎಲ್ಲವೂ ಕಣ್ಣಾರೆ ಕಂಡವನು ಮಾತ್ರ ಬರೆಯಬಹುದಾದಂಥವು. ಅವನ ಪ್ರೀತಿ ನಿಜ. ಆತ ಕಂಡದ್ದೂ ನಿಜ. ಆದರೆ ಕಂಡದ್ದೆಲ್ಲವನ್ನೂ ಆತ ಬರೆಯಲಿಲ್ಲ. ಪ್ರೀತಿಯಿಂದ ನೋಡುವ ಕಣ್ಣಿಗೂ ಒಂದು ಚೌಕಟ್ಟು ಇರುತ್ತದೆ. ಚೌಕಟ್ಟಿನ ಹೊರಗಿರುವುದು ಅದಕ್ಕೆ ಕಾಣುವುದಿಲ್ಲ, ಅಥವಾ ಕಂಡರೂ ಅದು ಬರೆಯುವುದಿಲ್ಲ.

ಚಿತ್ರದಲ್ಲೇ ಇದಕ್ಕೊಂದು ಗುರುತಿದೆ. ಕರಡಿನಲ್ಲಿ ದಡದ ಹತ್ತಿರ, ನಾಯಿಯ ಪಕ್ಕದಲ್ಲಿ, ಕುದುರೆಯ ಮೇಲೆ ಕುಳಿತ ಒಬ್ಬನಿದ್ದಾನೆ. ಅಂತಿಮ ಚಿತ್ರದಲ್ಲಿ ಆ ಜಾಗಕ್ಕೆ ಒಂದು ಪೀಪಾಯಿ ಬರೆದು, ಕೊನೆಗೆ ಅದನ್ನೂ ಬಣ್ಣದಿಂದ ಮುಚ್ಚಿದ. ವರ್ಷಗಳು ಕಳೆದಂತೆ ಮೇಲಿನ ಬಣ್ಣ ತೆಳುವಾಗಿ, ಅಳಿಸಿದ್ದರ ನೆರಳು ನೀರಿನಲ್ಲಿ ಮಸುಕಾಗಿ ಕಾಣುತ್ತದೆ. ಮುಚ್ಚಿದ್ದು ಪೂರ್ತಿ ಮುಚ್ಚಿಹೋಗಲಿಲ್ಲ.

ನಂತರದ ಕಾಲದವರು ಈ ಶಾಂತಿಯನ್ನು ಸುಮ್ಮನೆ ಬಿಡಲಿಲ್ಲ. 1980ರಲ್ಲಿ ಪೀಟರ್ ಕೆನಾರ್ಡ್ ಎಂಬ ಕಲಾವಿದರು ಇದೇ ಬಂಡಿಯಲ್ಲಿ ಅಣ್ವಸ್ತ್ರದ ಕ್ಷಿಪಣಿಗಳನ್ನು ಕೂರಿಸಿ ಪೋಸ್ಟರ್ ಮಾಡಿದರು. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಮೆರಿಕದ ಕ್ಷಿಪಣಿ ನೆಲೆ ಬರುವುದನ್ನು ವಿರೋಧಿಸಿ. 2022ರ ಜುಲೈನಲ್ಲಿ ಇಬ್ಬರು ಯುವ ಪ್ರತಿಭಟನಕಾರರು ಗ್ಯಾಲರಿಯಲ್ಲೇ ಈ ಚಿತ್ರದ ಮೇಲೆ ಬೇರೊಂದು ಕಾಗದದ ಚಿತ್ರ ಅಂಟಿಸಿದರು. ಅದರಲ್ಲಿ ಹೊಳೆಯ ಜಾಗದಲ್ಲಿ ಡಾಂಬರು ರಸ್ತೆ, ಆಕಾಶದಲ್ಲಿ ವಿಮಾನಗಳು. ಮೂಲಚಿತ್ರದಲ್ಲಿ ಕಾಣುವ ಎಲ್ಮ್ ಮರಗಳ ಜಾತಿಯೇ ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಬಂದ ಶಿಲೀಂಧ್ರ ರೋಗದಿಂದ ಬಹುಪಾಲು ನಾಶವಾಗಿದೆ. ಚಿತ್ರ ಈಗ ಇಲ್ಲದ ಮರಗಳಿಗೂ ದಾಖಲೆಯಾಗಿ ಉಳಿದಿದೆ.

ನಮ್ಮ ಸಂಚಿಕೆಗೆ ಸಂಬಂಧಿಸಿದ ಮಾತು

ಸುವರ್ಣ ಮಹೋತ್ಸವದ ಸಂಚಿಕೆಯೂ ಒಂದು ಚಿತ್ರವೇ. ಇದನ್ನು ಬರೆಯುತ್ತಿರುವ ನಮ್ಮಲ್ಲಿ ಅನೇಕರು ಊರು ಬಿಟ್ಟವರು. ಬೆಂಗಳೂರಿನಲ್ಲೋ ಇನ್ನೆಲ್ಲೋ ಕುಳಿತು, ಚಳಿಗಾಲದಲ್ಲಿ ಬೇಸಿಗೆಯನ್ನು ನೆನೆಯುವವರು. ಡ್ರಾಯಿಂಗ್ ಪೀರಿಯಡ್ಡಿನಲ್ಲಿ ನಾವೆಲ್ಲ ಬರೆಯುತ್ತಿದ್ದ ಸೀನರಿ ನಿಮಗೆ ನೆನಪಿರಬಹುದು: ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಒಂದು ಮನೆ, ಒಂದು ತೆಂಗಿನ ಮರ. ಅದರಲ್ಲಿ ಜನರನ್ನು ಯಾರೂ ಬರೆಯುತ್ತಿರಲಿಲ್ಲ. ಜನರನ್ನು ಬರೆಯುವುದು ಕಷ್ಟ.

ನನ್ನ ಬಳಿ ನಮ್ಮ ಬ್ಯಾಚಿನ ಎಸ್.ಎಸ್.ಎಲ್.ಸಿ. ಗ್ರೂಪ್ ಫೋಟೊ ಇದೆ. ಎಂಟನೆಯ ತರಗತಿಯಲ್ಲಿ ನಮ್ಮೊಡನೆ ಬೆಂಚಿನಲ್ಲಿ ಕುಳಿತಿದ್ದ ಎಷ್ಟೋ ಮುಖಗಳು ಅದರಲ್ಲಿಲ್ಲ. ಕೆಲವರು ಕುರಿ ಹಿಂದೆ ಹೋದರು, ಕೆಲವರು ಗಾರೆ ಕೆಲಸಕ್ಕೆ ಹೋದರು. ಹುಡುಗಿಯರಲ್ಲಿ ಕೆಲವರಿಗೆ ಮದುವೆಯಾಯಿತು. ಅವರೂ ಈ ಶಾಲೆಯ ಹಾಜರಿ ಕೂಗಿಗೆ ‘ಎಸ್ ಸಾರ್’ ಎಂದವರೇ. ರ‍್ಯಾಂಕ್ ಬಂದವರ ಹೆಸರು ಮುಖ್ಯೋಪಾಧ್ಯಾಯರ ಕೊಠಡಿಯ ಹಲಗೆಯ ಮೇಲಿದೆ, ಇರಲೇಬೇಕು. ಇವರ ಹೆಸರು ಎಲ್ಲಿದೆ?

ಒಂದೇ ಕಡೆ ಇದೆ: ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ. ಪಾಸಾದವರು, ನಪಾಸಾದವರು, ಮಧ್ಯದಲ್ಲಿ ಬಿಟ್ಟವರು ಎಂಬ ಭೇದವಿಲ್ಲದೆ ಸೇರಿದವರೆಲ್ಲರ ಹೆಸರನ್ನೂ ಒಂದರ ಕೆಳಗೊಂದು ಬರೆದಿಟ್ಟಿರುವ ಪುಸ್ತಕ ಅದು. ಈ ಸಂಚಿಕೆಯ ಜೊತೆಗೋ ಮುಂದಿನ ವರ್ಷವೋ, ಐವತ್ತು ವರ್ಷಗಳ ಆ ಹೆಸರುಗಳನ್ನು ಅಳಿಸಿಹೋಗುವ ಮುನ್ನ ಒಂದು ಪುಸ್ತಕವಾಗಿ ತರಬೇಕೆಂದು ಮುಖ್ಯೋಪಾಧ್ಯಾಯರಲ್ಲೂ ಸಮಿತಿಯ ಹಿರಿಯರಲ್ಲೂ ವಿನಂತಿಸುತ್ತೇನೆ. ಶಾಲೆಯಲ್ಲೇ ಕುಳಿತು ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನಗೆ ಬಿಡಿ. ರಜೆ ಹಾಕಿ ಬರುತ್ತೇನೆ. ಹಳೆಯ ಕೈಬರಹ ಓದಲು ನಿವೃತ್ತ ಗುರುಗಳು ಯಾರಾದರೂ ಪಕ್ಕದಲ್ಲಿ ಕುಳಿತರೆ ಸಾಕು.